ಕಾಗದ ಹಂಚುವ ಹಕ್ಕು ಎಲ್ಲರಿಗೂ ಸಿಕ್ಕಿತು, ತಾಂಡಾದ ದಾರಿ ಯಾರ ಪಾಲಿಗೆ?

(ಈ ವಾರದ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತನ್ನು ಚಿಕ್ಕದು ಮಾಡಲಾಗಿದೆ.)

ಬಸವಕಲ್ಯಾಣದಿಂದ ಮಾತಾಡ್ತಿದ್ದೀನಿ. ಹುಮನಾಬಾದಿನ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ: "ಯುರೋಪಿನಾಗ ಸರ್ಕಾರಿ ಪೋಸ್ಟ್ ಬಂದ್ ಆಗ್ಲತ್ತದಂತ. ನಮ್ಮಲ್ಲೂ ಹಂಗೇ ಆಗ್ತದೇನ್ರಿ?"

ಅವರು ಓದಿದ್ದು ಡೆನ್ಮಾರ್ಕ್ ಸುದ್ದಿ. ಅಲ್ಲಿನ ಸರ್ಕಾರಿ ಅಂಚೆ, ಅಂದ್ರೆ ಪೋಸ್ಟ್‌ನಾರ್ಡ್, 2025ರ ಡಿಸೆಂಬರ್ 30ಕ್ಕೆ ತನ್ನ ಕೊನೆಯ ಕಾಗದ ಹಂಚಿ ಆ ಕೆಲಸವನ್ನೇ ಮುಗಿಸಿತು. 1624ರಲ್ಲಿ ಶುರುವಾದ ಸೇವೆ, ನಾಲ್ಕು ನೂರು ವರ್ಷದ್ದು. ಬೀದಿಯಲ್ಲಿದ್ದ ಸುಮಾರು 1,500 ಕೆಂಪು ಡಬ್ಬಿಗಳನ್ನು ಕಿತ್ತರು. ಇನ್ನು ಮುಂದೆ ಅದು ಪಾರ್ಸಲ್ ಮಾತ್ರ ಒಯ್ಯುತ್ತದೆ, ಕಾಗದ ಹಂಚುವ ಕೆಲಸ ಡಾವೋ ಅನ್ನೋ ಖಾಸಗಿ ಕಂಪನಿಯ ಕೈಗೆ ಹೋಗಿದೆ.

ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. ಆದ್ರೆ ಡೆನ್ಮಾರ್ಕನ್ನು ಅಲ್ಲಿಗೆ ತಂದ ದಾರಿಯ ಮೊದಲನೇ ಹೆಜ್ಜೆಯನ್ನು ನಾವೂ ಇಟ್ಟಾಗಿದೆ. 2024ರ ಜೂನ್ 18ರಂದು. ಆ ದಿನ ಅಂಚೆ ಕಚೇರಿ ಕಾಯ್ದೆ, 2023 ಜಾರಿಗೆ ಬಂತು, 1898ರ ಹಳೇ ಕಾಯ್ದೆ ಹೋಯ್ತು. ಹಳೇ ಕಾಯ್ದೆಯ ಜೊತೆಗೆ, ಭಾರತದಲ್ಲಿ ಕಾಗದ ಒಯ್ಯುವ ಹಕ್ಕು ಸರ್ಕಾರಿ ಅಂಚೆಗೆ ಮಾತ್ರ ಅನ್ನೋ ನಿಯಮವೂ ಹೋಯ್ತು. ಟಿವಿಯಲ್ಲಿ ಚರ್ಚೆ ಆಗಲಿಲ್ಲ. ನಮ್ಮ ಪೋಸ್ಟ್‌ಮನ್ ಮರುದಿನ ಎಂದಿನ ಹಾಗೆ ಸೈಕಲ್ ತಗೊಂಡು ಹೊರಟ್ರು.

ಅಂಥಾ ನಿಯಮ ಒಂದು ಇತ್ತಾ ಅಂತ ಕೇಳಿದ್ರೆ ತಪ್ಪಿಲ್ಲ. ಊರ ತುಂಬ ಕೊರಿಯರ್ ಅಂಗಡಿ ಇರುವಾಗ ಏಕಸ್ವಾಮ್ಯ ಎಲ್ಲಿಂದ ಬಂತು? ಅಲ್ಲಿಂದಲೇ ಶುರು ಮಾಡೋಣ.

ಬಸ್ ಡ್ರೈವರ್ ಕೈಗೆ ಕೊಟ್ಟ ಕವರ್

1898ರ ಕಾಯ್ದೆಯ ನಾಲ್ಕನೇ ಕಲಮು ಹೇಳ್ತಿದ್ದದ್ದು ಇಷ್ಟು: ಅಂಚೆ ಇರುವ ಕಡೆಯೆಲ್ಲ ಕಾಗದವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವ ವಿಶೇಷ ಹಕ್ಕು ಕೇಂದ್ರ ಸರ್ಕಾರದ್ದು. ವಿನಾಯಿತಿ ಮೂರು. ಗೆಳೆಯ ಆ ಊರಿಗೆ ಹೊರಟಿದ್ರೆ, ದುಡ್ಡು ತಗೊಳ್ಳದೆ ಒಯ್ದು ಕೊಡಬಹುದು. ನಿಮ್ಮದೇ ವ್ಯವಹಾರದ ಕಾಗದವನ್ನು ನಿಮ್ಮದೇ ಆಳಿನ ಕೈಲಿ ಕಳಿಸಬಹುದು. ಸರಕಿನ ಜೊತೆ ಆ ಸರಕಿಗೆ ಸಂಬಂಧಪಟ್ಟ ಚೀಟಿ ಕಳಿಸಬಹುದು. ಮುಗೀತು.

ಐದನೇ ಕಲಮು ಇನ್ನೂ ಮಜಾ. ಬಾಡಿಗೆಗೆ ಜನರನ್ನೋ ಸರಕನ್ನೋ ಸಾಗಿಸುವವರು, ಅವರ ನೌಕರರು, ಪುಕ್ಕಟೆ ಆದರೂ ಕಾಗದ ಒಯ್ಯುವಂತಿಲ್ಲ. ಅಂದ್ರೆ ನಾವು ನಮ್ಮ ಬಸ್ ಸ್ಟ್ಯಾಂಡಿನಲ್ಲಿ "ಅಣ್ಣಾ, ಬೀದರದಾಗ ನಮ್ಮ ಹುಡುಗ ನಿಂತಿರ್ತಾನ, ಈ ಕವರ್ ಕೊಟ್ಟುಬಿಡ್ರಿ" ಅಂತ ಡ್ರೈವರ್ ಕೈಗೆ ಕೊಡೋದು 2024ರ ತನಕ ಕಾನೂನಿನ ಕಣ್ಣಲ್ಲಿ ತಪ್ಪು. ದಂಡ ಕಾಗದವೊಂದಕ್ಕೆ 50 ರೂಪಾಯಿ ತನಕ.

ಹಂಗಾದ್ರೆ ಕೊರಿಯರ್‌ನವರು ಹೆಂಗ ಬದುಕಿದ್ರು? ಕಾಯ್ದೆಯಲ್ಲಿ ಕಾಗದ ಅಂದ್ರೆ ಏನು ಅಂತ ವಿವರಣೆಯೇ ಇರಲಿಲ್ಲ. ಪೋಸ್ಟ್ ಕಾರ್ಡೂ ಅದರಲ್ಲಿ ಸೇರುತ್ತೆ ಅಂತ ಮಾತ್ರ ಇತ್ತು. ಕೊರಿಯರ್ ರಸೀದಿ ತೆಗೆದು ನೋಡ್ರಿ, ಅದರ ಮೇಲೆ 'ಡಾಕ್ಯುಮೆಂಟ್' ಅಂತ ಇರುತ್ತೆ, 'ಲೆಟರ್' ಅಂತ ಇರೋದಿಲ್ಲ. ಒಳಗಿರೋದು ಕಾಗದವೇ. ಹೆಸರು ಬೇರೆ. ಸರ್ಕಾರ ಕಣ್ಣು ಮುಚ್ಚಿಕೊಂಡಿತು, ಕಂಪನಿಗಳು ಬೆಳೆದವು. ಬ್ಲೂ ಡಾರ್ಟ್ 1983ರಲ್ಲಿ ಬಂತು, ಡಿಟಿಡಿಸಿ 1990ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತು. ಅಂಚೆ ಇಲಾಖೆ 1986ರ ಆಗಸ್ಟ್ 1ಕ್ಕೆ ಸ್ಪೀಡ್ ಪೋಸ್ಟ್ ಶುರು ಮಾಡಿದ್ದೂ ಈ ಪೈಪೋಟಿಯ ಬಿಸಿ ತಟ್ಟಿದ ಮೇಲೆಯೇ. ಹೀಗಾಗಿ ಪೈಪೋಟಿಯಿಂದ ಗಿರಾಕಿಗೆ ಒಳ್ಳೇದಾಗಲಿಲ್ಲ ಅಂತ ನಾನು ಹೇಳೋದಿಲ್ಲ. ಆಗಿದೆ.

ಐದು ರೂಪಾಯಿಯ ಲೆಕ್ಕ

ಮತ್ತೆ ಸರ್ಕಾರಕ್ಕೆ ಆ ಏಕಸ್ವಾಮ್ಯ ಯಾಕೆ ಬೇಕಿತ್ತು? ಬ್ರಿಟಿಷರ ಕಾಲದಲ್ಲಿ ಆದಾಯ ಒಂದು ಕಾರಣ, ಕಾಗದ ಒಡೆದು ನೋಡೋ ಅನುಕೂಲ ಇನ್ನೊಂದು. ಆದ್ರೆ ಉಳಿದುಕೊಂಡ ಕಾರಣ ಬೇರೆ. ಅದು ನಾವು ಬಿ.ಕಾಂ.ನಲ್ಲಿ ಕಾಸ್ಟಿಂಗ್ ಓದುವಾಗ ಬರುವ ಲೆಕ್ಕ.

1854ರಿಂದ ಭಾರತದ ಅಂಚೆ ದೂರ ನೋಡಿ ದುಡ್ಡು ತಗೊಳ್ಳೋದಿಲ್ಲ, ತೂಕ ನೋಡಿ ತಗೊಳ್ಳುತ್ತೆ. ಆಗ ಅರ್ಧ ಆಣೆ, ಈಗ 20 ಗ್ರಾಂ ಕವರಿಗೆ 5 ರೂಪಾಯಿ. ಬಸವಕಲ್ಯಾಣದ ಕೋಟೆ ಹತ್ತಿರದಿಂದ ಗಾಂಧಿ ಚೌಕಕ್ಕೆ ಕಳಿಸಿದರೂ ಅಷ್ಟೇ, ಅರುಣಾಚಲಕ್ಕೆ ಕಳಿಸಿದರೂ ಅಷ್ಟೇ. ಪೋಸ್ಟ್ ಕಾರ್ಡಿಗೆ ಇವತ್ತಿಗೂ 50 ಪೈಸೆ. ಅದನ್ನು ಮುಟ್ಟಿಸೋಕೆ ಇಲಾಖೆಗೆ ಹತ್ತು ರೂಪಾಯಿಗೂ ಮೀರಿ ಖರ್ಚು ಬರುತ್ತೆ ಅಂತ ಅವರದೇ ವಾರ್ಷಿಕ ವರದಿಗಳು ಹೇಳಿವೆ.

ಈಗ ಒಂದು ಕಲ್ಪನೆ ಮಾಡಿಕೊಳ್ಳಿ, ಅಂಕಿ ನನ್ನವು, ತಿಳಿಯೋಕಷ್ಟೇ. ಊರೊಳಗೆ ಒಂದು ಓಣಿ. ಒಂದು ತಾಸಿನಲ್ಲಿ ಒಬ್ಬ ಪೋಸ್ಟ್‌ಮನ್ ನೂರು ಕಾಗದ ಹಂಚ್ತಾರೆ. ಹಳ್ಳಿ ಕಡೆ, ಮೂರು ಊರು ಎರಡು ತಾಂಡಾ ಸುತ್ತಿದರೆ ಮೂರು ತಾಸು, ಕಾಗದ ಬರೀ ಆರು. ತಾಸಿನ ಕೂಲಿ 100 ರೂಪಾಯಿ ಹಿಡಿದ್ರೆ, ಓಣಿಯ ಕಾಗದಕ್ಕೆ 1 ರೂಪಾಯಿ ಖರ್ಚು, ತಾಂಡಾದ ಕಾಗದಕ್ಕೆ 50 ರೂಪಾಯಿ. ಸ್ಟಾಂಪು ಎರಡಕ್ಕೂ 5 ರೂಪಾಯಿ. ಓಣಿಯಲ್ಲಿ ಉಳಿದ ನಾಲ್ಕು ನಾಲ್ಕು ರೂಪಾಯಿ ಕೂಡಿಸಿ ತಾಂಡಾದ ಖರ್ಚು ತೂಗಿಸಬೇಕು.

ಇದು ನಡೀಬೇಕಾದ್ರೆ ಓಣಿಯ ನೂರು ಕಾಗದ ಅಂಚೆ ಕೈಲೇ ಇರಬೇಕು. ಬೇರೆಯವನು ಬಂದು "ನಾನು ಓಣಿಯದಷ್ಟೇ ಒಯ್ತೀನಿ, 3 ರೂಪಾಯಿ ಕೊಡ್ರಿ ಸಾಕು" ಅಂದ್ರೆ, ಅವನಿಗೆ ಲಾಭ, ಗಿರಾಕಿಗೂ ಲಾಭ. ಅಂಚೆ ಕೈಲಿ ಉಳಿಯೋದು ತಾಂಡಾದ ಆರು ಕಾಗದ.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡೋದು ಬೇಡ. ಬಸವಕಲ್ಯಾಣ–ಹುಮನಾಬಾದ್ ದಾರಿಯಲ್ಲಿ ಟಂಟಂ, ಕ್ರೂಸರ್ ಎಷ್ಟು ಬೇಕೋ ಅಷ್ಟು. ಕೈ ಅಡ್ಡ ಹಾಕಿದ್ರೆ ನಿಲ್ಲಿಸ್ತಾರೆ. ಅದೇ ಸಂಜೆ ಏಳರ ಮೇಲೆ ಒಳಹಳ್ಳಿಗೆ ಹೋಗಬೇಕಂದ್ರೆ? ಸರ್ಕಾರಿ ವಸ್ತಿ ಬಸ್ಸೇ ಗತಿ. ಹೈವೇ ಮೇಲಿನ ಸೀಟು ಟಂಟಂನವರಿಗೆ, ಖಾಲಿ ಸೀಟಿನ ಹಳ್ಳಿ ರೂಟು ಸಂಸ್ಥೆಗೆ. ಆಮೇಲೆ ವರ್ಷದ ಕೊನೆಗೆ ಸಂಸ್ಥೆ ನಷ್ಟದಲ್ಲಿದೆ ಅಂತ ಬೈಯ್ಯೋದು.

ಇನ್ನೊಂದು ಮಾತು, ನಮ್ಮ ಭಾಗಕ್ಕೆ ಸೇರಿದ್ದು. ಒಂದೇ ದೇಶ, ಒಂದೇ ಸ್ಟಾಂಪು ಅನ್ನೋದು ನಮ್ಮ ಅಜ್ಜಂದಿರಿಗೆ ಹುಟ್ಟಿನಿಂದ ಬಂದದ್ದಲ್ಲ. ಬಸವಕಲ್ಯಾಣ ಆಗ ಕಲ್ಯಾಣಿ, ಹುಮನಾಬಾದ್ ಜೊತೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಿಜಾಮರಿಗೆ ತಮ್ಮದೇ ಅಂಚೆ ಇತ್ತು, 1869ರಿಂದ ತಮ್ಮದೇ ಸ್ಟಾಂಪು. ಅದು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೀತಿತ್ತು. ಹುಮನಾಬಾದಿನ ಅಡತಿ ಅಂಗಡಿಯವರು ಹೈದರಾಬಾದಿಗೆ ಬರೆಯೋಕೆ ನಿಜಾಮರ ಸ್ಟಾಂಪು ಸಾಕು. ಅದೇ ಸೊಲ್ಲಾಪುರಕ್ಕೆ ಬರೀಬೇಕಂದ್ರೆ, ಅದು ಬೊಂಬಾಯಿ ಪ್ರಾಂತ, ಬ್ರಿಟಿಷ್ ಸ್ಟಾಂಪು ಬೇಕು. 1950ರ ಏಪ್ರಿಲ್ 1ಕ್ಕೆ ನಿಜಾಮರ ಅಂಚೆ ಭಾರತೀಯ ಅಂಚೆಯಲ್ಲಿ ವಿಲೀನ ಆಯ್ತು. ಆಮೇಲೆ 1972ರಲ್ಲಿ ಪಿನ್ ಕೋಡ್ ಬಂತು. ಬಸವಕಲ್ಯಾಣಕ್ಕೆ 585327, ಹುಮನಾಬಾದಿಗೆ 585330. ಆ ಆರು ಅಂಕಿ ಬರೆದ ಮೇಲೆ ಇಂಥಾ ಊರಿಗೆ ಬರೋದಿಲ್ಲ ಅಂತ ಅಂಚೆ ಹೇಳೋ ಹಾಗಿಲ್ಲ. ಕಾಗದ ತಗೊಂಡ ಮೇಲೆ ಮುಟ್ಟಿಸಬೇಕು. ನನ್ನ ಲೆಕ್ಕದಲ್ಲಿ ಅಂಚೆಯ ನಿಜವಾದ ಬೆಲೆ ಇದರಲ್ಲೇ ಇದೆ.

ಯುರೋಪ್ ಹದಿನೈದು ವರ್ಷ ತಗೊಂಡಿತು

ಈಗ ಯುರೋಪಿಗೆ ಬರೋಣ. ಅಲ್ಲಿಯೂ ಎಲ್ಲ ದೇಶದಲ್ಲಿ ಸರ್ಕಾರಿ ಅಂಚೆಗೇ ಕಾಗದದ ಹಕ್ಕಿತ್ತು. ಸ್ವೀಡನ್ ಮೊದಲೇ, 1993ರಲ್ಲಿ, ತೆಗೆದುಹಾಕಿತು. ಯುರೋಪಿಯನ್ ಒಕ್ಕೂಟ ಒಮ್ಮೆಗೇ ಬಾಗಿಲು ತೆಗೀಲಿಲ್ಲ, ಗ್ರಾಂ ಲೆಕ್ಕದಲ್ಲಿ ತೆಗೀತು. 1997ರ ನಿರ್ದೇಶನ ಹೇಳಿದ್ದು: 350 ಗ್ರಾಂಗಿಂತ ಹಗುರವಾದ ಕಾಗದ ಮಾತ್ರ ಸರ್ಕಾರಿ ಅಂಚೆಗೆ ಮೀಸಲಿಡಬಹುದು, ಅದಕ್ಕಿಂತ ಭಾರದ್ದು ಎಲ್ಲರಿಗೂ. 2003ಕ್ಕೆ ಅದು 100 ಗ್ರಾಂ ಆಯ್ತು. 2006ಕ್ಕೆ 50 ಗ್ರಾಂ. 2008ರ ಮೂರನೇ ನಿರ್ದೇಶನ ಮೀಸಲನ್ನೇ ತೆಗೆಯಿರಿ ಅಂತು: ಹೆಚ್ಚಿನ ದೇಶಗಳಿಗೆ ಗಡುವು 2010ರ ಕೊನೆ, ಪೋಲೆಂಡ್, ಗ್ರೀಸ್, ಹಂಗೇರಿ ಸೇರಿ ಹನ್ನೊಂದು ದೇಶಗಳಿಗೆ 2012ರ ಕೊನೆ.

ಕೇಳೋಕೆ ಬೇಜಾರಿನ ಇಸವಿಗಳು, ಗೊತ್ತು. ಆದ್ರೆ ಜೊತೆಗೇ ಬರೆದ ಇನ್ನೊಂದು ವಿಷಯಕ್ಕಾಗಿ ಇದನ್ನೆಲ್ಲ ಹೇಳಿದೆ. ಮೀಸಲು ಕಡಿಮೆ ಆಗ್ತಾ ಹೋದಾಗಲೂ ಒಂದು ಷರತ್ತು ಹಾಗೇ ಇತ್ತು. ಅದರ ಹೆಸರು ಸಾರ್ವತ್ರಿಕ ಸೇವೆ. ದೇಶದ ಯಾವ ಮೂಲೆಯಲ್ಲಿದ್ದರೂ ವಾರಕ್ಕೆ ಕನಿಷ್ಠ ಐದು ದಿನ ಕಾಗದ ಎತ್ತಬೇಕು, ಐದು ದಿನ ಮನೆಗೆ ಹಂಚಬೇಕು. 2 ಕಿಲೋ ತನಕ ಕಾಗದ, 10 ಕಿಲೋ ತನಕ ಪಾರ್ಸಲ್. ಬೆಲೆ ಜನರ ಕೈಗೆಟುಕಬೇಕು. ಮೇಲೆ ನೋಡ್ಕೊಳ್ಳೋಕೆ ಅಂಚೆಯಿಂದ ಬೇರೆಯಾದ ನಿಯಂತ್ರಣ ಸಂಸ್ಥೆ ಇರಬೇಕು. ಇದಕ್ಕೆ ನಷ್ಟ ಆದ್ರೆ ಹೆಂಗ ತುಂಬಬೇಕು ಅಂತಲೂ ಬರೆದರು: ಸರ್ಕಾರ ಬಜೆಟ್ಟಿನಿಂದ ಕೊಡಲಿ, ಇಲ್ಲವೇ ಟೆಂಡರ್ ಕರೆಯಲಿ, ಇಲ್ಲವೇ ಎಲ್ಲ ಕಂಪನಿಗಳಿಂದ ಪಾಲು ತಗೊಂಡು ಒಂದು ನಿಧಿ ಮಾಡಲಿ. ಇಟಲಿ ಸರ್ಕಾರ ಅಲ್ಲಿನ ಅಂಚೆಗೆ ನೇರವಾಗಿ ವರ್ಷಕ್ಕಿಷ್ಟು ಅಂತ ಕೊಡುತ್ತೆ.

ಬರೆದದ್ದೆಲ್ಲ ನಡೀತಾ? ಪೂರ್ತಿ ಇಲ್ಲ.

ಸ್ವೀಡನ್ನಿನಲ್ಲಿ ಸಿಟಿಮೇಲ್ ಅಂತ ಕಂಪನಿ ಬಂತು. ಹೆಸರೇ ಹೇಳುತ್ತಲ್ಲ. ಬ್ಯಾಂಕು, ಟೆಲಿಫೋನ್ ಕಂಪನಿಗಳ ಕಟ್ಟುಕಟ್ಟು ಕಾಗದವನ್ನು ದೊಡ್ಡ ಊರುಗಳಲ್ಲಿ, ಅದೂ ದಿನಾ ಅಲ್ಲ, ಮೂರು ದಿನಕ್ಕೊಮ್ಮೆ ಹಂಚೋದು. ಸರ್ಕಾರಿ ಅಂಚೆ ಏನು ಮಾಡಿತು? ಕಟ್ಟು ಕಾಗದಕ್ಕೆ ಊರಿಗೊಂದು ದರ, ದೂರದ ಹಳ್ಳಿಗೊಂದು ದರ ಮಾಡಿತು. ದೊಡ್ಡ ಗಿರಾಕಿಗೆ ಅಗ್ಗ ಆಯ್ತು, ಮನೆಯವರು ಹಚ್ಚೋ ಸ್ಟಾಂಪು ತುಟ್ಟಿ ಆಯ್ತು.

ಜರ್ಮನಿ 2008ರ ಜನವರಿ 1ಕ್ಕೆ ಬಾಗಿಲು ತೆಗೀತು. ಅಲ್ಲಿ ಪೈಪೋಟಿಗೆ ಬಂದ ಪಿನ್ ಗ್ರೂಪ್ ಕಂಪನಿಯ ಲಾಭದ ಗುಟ್ಟು ಕಡಿಮೆ ಸಂಬಳ. ಕಾಗದ ಹಂಚುವವರಿಗೆ ತಾಸಿಗೆ ಕನಿಷ್ಠ 9.80 ಯೂರೋ ಕೂಲಿ ಅಂತ ಸರ್ಕಾರ ನಿಯಮ ಮಾಡಿದ ಕೂಡಲೇ ಕಂಪನಿ ದಿವಾಳಿ ಎದ್ದಿತು. (ನಮ್ಮ ಪಿನ್ ಕೋಡಿಗೂ ಆ ಪಿನ್‌ಗೂ ಸಂಬಂಧ ಇಲ್ಲ, ಯಾರಾದ್ರೂ ಕೇಳ್ತೀರಿ ಅಂತ ಹೇಳಿದೆ.)

ಬ್ರಿಟನ್ನಿನದು ಬೇರೆ ನಮೂನೆ. 2006ರಲ್ಲಿ ತೆರೆದ್ರು. ಖಾಸಗಿಯವರು ಬ್ಯಾಂಕಿನ ಕಾಗದ ಎತ್ತಿ, ವಿಂಗಡಿಸಿ, ಮನೆ ಬಾಗಿಲಿಗೆ ಮುಟ್ಟಿಸೋ ಕೆಲಸ ಮತ್ತೆ ರಾಯಲ್ ಮೇಲ್‌ಗೇ ಕೊಟ್ಟರು. ಸುಲಭದ ಕೆಲಸ ತಮಗೆ, ನಡೆಯೋ ಕೆಲಸ ಅವರಿಗೆ. ವಿಸಲ್ ಅನ್ನೋ ಕಂಪನಿ ಮಾತ್ರ ಮನೆ ಬಾಗಿಲ ತನಕ ತಾನೇ ಹೋಗ್ತೀನಿ ಅಂತ ಹೊರಟಿತು, 2015ರಲ್ಲಿ ಕೈ ಚೆಲ್ಲಿತು, ಬಹಳ ಜನರ ಕೆಲಸ ಹೋಯ್ತು. ರಾಯಲ್ ಮೇಲ್ 2013ರಲ್ಲಿ ಖಾಸಗಿ ಆಯ್ತು. 2025ರ ಜುಲೈಯಿಂದ ಅಲ್ಲಿ ಎರಡನೇ ದರ್ಜೆಯ ಕಾಗದ ದಿನಾ ಬರೋದಿಲ್ಲ, ದಿನ ಬಿಟ್ಟು ದಿನ. ಅದಕ್ಕೂ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಅಹವಾಲು ಕೇಳಿ, ವಿಚಾರಣೆ ಮಾಡಿ, ಒಪ್ಪಿಗೆ ಕೊಡಬೇಕಾಯ್ತು. ಇದನ್ನು ನೆನಪಿಟ್ಟುಕೊಳ್ಳಿ.

ನೆದರ್ಲೆಂಡ್ಸ್ ಕತೆ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಅನಿಸ್ತು. 2009ರ ಏಪ್ರಿಲ್ 1ಕ್ಕೆ ಮಾರುಕಟ್ಟೆ ಮುಕ್ತ. ಸ್ಯಾಂಡ್ ಅನ್ನೋ ಖಾಸಗಿ ಕಂಪನಿ ವಾರಕ್ಕೆ ಎರಡು ದಿನ, ಅರೆಕಾಲಿಕ ಕೆಲಸಗಾರರಿಂದ, ಅಗ್ಗದಲ್ಲಿ ಹಂಚಿತು. ಹತ್ತು ವರ್ಷ ನಡೀತು. ಅಷ್ಟರಲ್ಲಿ ಜನ ಕಾಗದ ಬರೆಯೋದೇ ಬಿಟ್ಟರು. ಇಬ್ಬರು ಒಂದೇ ಬೀದಿಯಲ್ಲಿ ಅರ್ಧ ಖಾಲಿ ಚೀಲ ಹೊತ್ತು ತಿರುಗೋದಾಯ್ತು. ಕೊನೆಗೆ ಹಳೇ ಅಂಚೆ ಪೋಸ್ಟ್‌ಎನ್‌ಎಲ್ 2019ರಲ್ಲಿ ಸ್ಯಾಂಡನ್ನು ಕೊಂಡುಕೊಳ್ತು. ಪೈಪೋಟಿ ಮೇಲ್ವಿಚಾರಣೆಯ ಸಂಸ್ಥೆ ಬೇಡ ಅಂದಿತ್ತು, ಸರ್ಕಾರವೇ ಹೂಂ ಅಂತು. ಪೈಪೋಟಿಗೆ ಅಂತ ತೆರೆದ ಮಾರುಕಟ್ಟೆಯಲ್ಲಿ ಮತ್ತೆ ಒಬ್ಬನೇ ಉಳಿದ.

ಡೆನ್ಮಾರ್ಕಿನಲ್ಲಿ 2000ದಲ್ಲಿ ಸುಮಾರು 140 ಕೋಟಿ ಕಾಗದ ಹಂಚ್ತಿದ್ರು, 2024ರಲ್ಲಿ 11 ಕೋಟಿ. ಸರ್ಕಾರದ ಕಾಗದವೆಲ್ಲ ಮೊಬೈಲಿಗೆ ಹೋಗಿತ್ತು, ಅದಕ್ಕೆ ಪೈಪೋಟಿಯನ್ನು ದೂರಿ ಪ್ರಯೋಜನ ಇಲ್ಲ. ಆದ್ರೆ 2024ರಲ್ಲಿ ಹೊಸ ಕಾಯ್ದೆ ತಂದು ಪೋಸ್ಟ್‌ನಾರ್ಡ್ ಮೇಲಿದ್ದ ಸಾರ್ವತ್ರಿಕ ಸೇವೆಯ ಹೊಣೆ ಇಳಿಸಿದರು, ಕಾಗದಕ್ಕೆ ವ್ಯಾಟ್ ಹಾಕಿದರು. ಒಂದು ಸ್ಟಾಂಪು 29 ಕ್ರೋನರ್ ಆಯ್ತು, ನಮ್ಮ ದುಡ್ಡಲ್ಲಿ ಮುನ್ನೂರು ರೂಪಾಯಿ ದಾಟುತ್ತೆ. ಅದಾಗಿ ಎರಡೇ ವರ್ಷದಲ್ಲಿ ಕೆಂಪು ಡಬ್ಬಿ ಇಲ್ಲ.

ಒಂದೇ ದಿನ ಅಂಕಿತ ಬಿದ್ದ ಎರಡು ಕಾಯ್ದೆ

ನಮ್ಮಲ್ಲಿ ಹೇಗಾಯ್ತು? 2006ರಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿಯ ಕರಡು ಮಾಡಿತ್ತು. ಹಗುರ ಕಾಗದ ಅಂಚೆಗೆ ಮೀಸಲು, ಕೊರಿಯರ್‌ಗಳಿಗೆ ನೋಂದಣಿ, ಹಳ್ಳಿ ಸೇವೆಗೆ ಒಂದು ನಿಧಿ. ಹೆಚ್ಚುಕಡಿಮೆ ಯುರೋಪಿನ ಮಾದರಿ. ಕೊರಿಯರ್ ಕಂಪನಿಗಳು ಬಲವಾಗಿ ವಿರೋಧ ಮಾಡಿದವು, ಅದು ಕಾಯ್ದೆ ಆಗಲೇ ಇಲ್ಲ.

ಆಮೇಲೆ 2023. ಹೊಸ ಮಸೂದೆ ಡಿಸೆಂಬರ್ 4ಕ್ಕೆ ರಾಜ್ಯಸಭೆಯಲ್ಲಿ, 18ಕ್ಕೆ ಲೋಕಸಭೆಯಲ್ಲಿ ಪಾಸಾಯ್ತು. ವಿರೋಧ ಪಕ್ಷದ ಸಂಸದರನ್ನು ಗುಂಪುಗುಂಪಾಗಿ ಅಮಾನತು ಮಾಡಿದ ದಿನಗಳು ಅವು. ಇದ್ದ ಚರ್ಚೆಯೂ ಹೆಚ್ಚಾಗಿ ಒಂಬತ್ತನೇ ಕಲಮಿನ ಮೇಲೆ, ಅಂದ್ರೆ ಸರ್ಕಾರ ಯಾವಾಗ ಕಾಗದ ತಡೆದು ನೋಡಬಹುದು ಅನ್ನೋದರ ಮೇಲೆ. ಅದು ಸಣ್ಣ ವಿಷಯ ಅಲ್ಲ. 1986ರಲ್ಲಿ ಇಂಥದ್ದೇ ತಿದ್ದುಪಡಿಗೆ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೇ ಕೂತಿದ್ದರು. ಆದ್ರೆ ಕಾಗದದ ಏಕಸ್ವಾಮ್ಯ ಹೋಗ್ತಿದೆ, ಅದರ ಜಾಗಕ್ಕೆ ಏನು ಬರುತ್ತೆ ಅನ್ನೋದನ್ನು ಕೇಳಿದವರು ಕಡಿಮೆ.

ಹೊಸ ಕಾಯ್ದೆಯಲ್ಲಿ ಅಂಚೆಗೆ ಉಳಿದ ವಿಶೇಷ ಹಕ್ಕು ಒಂದೇ, ಸ್ಟಾಂಪು ಹೊರಡಿಸೋದು. ಕೊರಿಯರ್‌ನವರು ಇನ್ನು ಧೈರ್ಯವಾಗಿ 'ಲೆಟರ್' ಅಂತ ಬರೆಯಬಹುದು. ಅವರಿಗೆ ಲೈಸೆನ್ಸ್ ಬೇಕು ಅಂತ ಕಾಯ್ದೆಯಲ್ಲಿ ಇಲ್ಲ, ಹಳ್ಳಿಗೆ ಹೋಗಲೇಬೇಕು ಅಂತ ಇಲ್ಲ, ಹೋಗದಿದ್ರೆ ಪಾಲು ಕೊಡಬೇಕು ಅಂತಲೂ ಇಲ್ಲ. ಇತ್ತ ಅಂಚೆಯ ಮೇಲೂ, ವಾರಕ್ಕೆ ಇಷ್ಟು ದಿನ ಇಷ್ಟು ದೂರದೊಳಗೆ ಹಂಚಬೇಕು ಅನ್ನೋ ಅಂಕಿ ಕಾಯ್ದೆಯಲ್ಲಿಲ್ಲ. ಯಾವ ಸೇವೆ, ಎಷ್ಟು ದರ ಅನ್ನೋದು ಸರ್ಕಾರದ ನಿಯಮ ಮತ್ತು ಅಂಚೆ ಮಹಾನಿರ್ದೇಶಕರ ಕೈಲಿದೆ. ಸ್ವತಂತ್ರ ನಿಯಂತ್ರಣ ಸಂಸ್ಥೆ ಇಲ್ಲ. ಬ್ರಿಟನ್ನಿನಲ್ಲಿ ಒಂದು ದಿನದ ಹಂಚಿಕೆ ಕಡಿಮೆ ಮಾಡೋಕೆ ಬಹಿರಂಗ ವಿಚಾರಣೆ ನಡೀತು ಅಂದೆನಲ್ಲ, ಅಂಥದ್ದು ಇಲ್ಲಿ ನಡೀಬೇಕಾದ ಜಾಗವೇ ಇಲ್ಲ.

ಇದಕ್ಕೆ "ನಮ್ಮ ದೇಶಕ್ಕೆ ಅದೆಲ್ಲ ಆಗೋದಿಲ್ಲ" ಅನ್ನೋ ಹಾಗೂ ಇಲ್ಲ. ಅದೇ ಅಧಿವೇಶನದಲ್ಲಿ, ಮೂರೇ ದಿನದ ಅಂತರದಲ್ಲಿ ಸಂಸತ್ತು ದೂರಸಂಪರ್ಕ ಕಾಯ್ದೆ ಪಾಸು ಮಾಡಿತು. ಎರಡಕ್ಕೂ ರಾಷ್ಟ್ರಪತಿ ಅಂಕಿತ ಒಂದೇ ದಿನ, 2023ರ ಡಿಸೆಂಬರ್ 24. ಮೊಬೈಲ್ ಕಂಪನಿಗಳು ತಮ್ಮ ಆದಾಯದಲ್ಲಿ 5 ಶೇಕಡಾ ಹಳ್ಳಿ ಸೇವೆಯ ನಿಧಿಗೆ ಕೊಡ್ತಾ ಬಂದಿವೆ. ಆ ನಿಧಿಯನ್ನು ಹೊಸ ಕಾಯ್ದೆ ಡಿಜಿಟಲ್ ಭಾರತ್ ನಿಧಿ ಅಂತ ಹೆಸರು ಕೊಟ್ಟು ಮುಂದುವರಿಸಿತು. ಟವರ್ ಇಲ್ಲದ ಊರಿಗೆ ಟವರ್ ಹಾಕೋಕೆ ಪೇಟೆಯ ಕಂಪನಿ ಪಾಲು ಕೊಡಬೇಕು ಅಂತ ಒಪ್ಪಿದ ಅದೇ ಸಭೆ, ಪಾರ್ಸಲ್ ಹೋಗದ ಊರಿನ ಬಗ್ಗೆ ಸುಮ್ಮನಿತ್ತು.

ಒಂದು ಉತ್ತರ ಇದೆ, ಅದನ್ನೂ ಹೇಳಿಬಿಡ್ತೀನಿ. ಸಾವಿರಾರು ಕೊರಿಯರ್‌ಗಳು ಸಣ್ಣ ಸಣ್ಣ ಫ್ರಾಂಚೈಸಿ ಅಂಗಡಿಗಳು. ಹುಮನಾಬಾದಿನ ಬಸ್ ಸ್ಟ್ಯಾಂಡ್ ಎದುರು ಒಂದು ಶಟರ್ ಬಾಡಿಗೆ ಹಿಡಿದು, ಇಬ್ಬರು ಹುಡುಗರನ್ನಿಟ್ಟು ನಡೆಸೋರ ಮೇಲೆ ಲೈಸೆನ್ಸು, ರಿಟರ್ನು ಅಂತ ಹೇರಿದ್ರೆ ಅವರು ಮುಚ್ಚಿಕೊಂಡು ಹೋಗ್ತಾರೆ, ದೊಡ್ಡ ಕಂಪನಿ ಉಳಿಯುತ್ತೆ. ಈ ಮಾತಿನಲ್ಲಿ ಹುರುಳಿದೆ. ಪಾಲು ತಗೊಳ್ಳೋದಾದ್ರೆ ದೊಡ್ಡ ವಹಿವಾಟಿನವರಿಂದ ಮಾತ್ರ ತಗೊಳ್ಳಬೇಕು, ಅಂಗಡಿಯವರನ್ನು ಬಿಡಬೇಕು.

ಹೈವೇ ಮೇಲಿನವರು, ಒಳಗಿನವರು

"ಈಗ ಕಾಗದ ಬರೆಯೋರು ಯಾರಿದ್ದಾರೆ, ಬಿಡ್ರಿ" ಅನ್ನಬಹುದು. ಯೋಗಕ್ಷೇಮದ ಕಾಗದ ಹೋಯ್ತು, ನಿಜ. ಆದ್ರೆ ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಎಟಿಎಂ ಕಾರ್ಡ್, ಚೆಕ್ ಬುಕ್, ಕೋರ್ಟ್ ನೋಟೀಸ್, ನೌಕರಿಯ ಕರೆ ಇವೆಲ್ಲ ಇವತ್ತಿಗೂ ಲಕೋಟೆಯಲ್ಲೇ ಬರ್ತವೆ. ಇದರಲ್ಲಿ ಒಂದು ಹದಿನೈದು ದಿನ ತಡ ಆದ್ರೆ ಏನಾಗುತ್ತೆ ಅಂತ ಕೆಲಸಕ್ಕೆ ಅರ್ಜಿ ಹಾಕಿದ ಯಾವ ಹುಡುಗನನ್ನಾದರೂ ಕೇಳಿ ನೋಡ್ರಿ.

ಈಗ ನಮ್ಮ ನಕ್ಷೆ ಇಟ್ಟು ನೋಡೋಣ. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಮುಟ್ಟಿಕೊಂಡು ಹೋಗುತ್ತೆ, 2017ರಲ್ಲಿ ಬೀದರ್–ಕಲಬುರಗಿ ರೈಲೂ ಬಂತು. ಬಸವಕಲ್ಯಾಣಕ್ಕೆ ರೈಲಿಲ್ಲ, ಹೆದ್ದಾರಿ ಹತ್ತಿರದಲ್ಲಿದೆ. ಈ ಎರಡೂ ಊರಿಗೆ ಯಾವ ಕಂಪನಿಯ ಗಾಡಿಯಾದ್ರೂ ಬರುತ್ತೆ, ದಾರಿ ಮೇಲೇ ಇವೆ. ಪ್ರಶ್ನೆ ಮುಡಬಿ, ಮಂಠಾಳ, ಘಾಟಬೋರಾಳ, ದುಬಲಗುಂಡಿ ಸುತ್ತಲಿನ ಸಣ್ಣ ಊರುಗಳದು, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಂಡಾಗಳದು. ಕೊರಿಯರ್ ಭಾಷೆಯಲ್ಲಿ ಇವಕ್ಕೆ 'ಔಟ್ ಆಫ್ ಡೆಲಿವರಿ ಏರಿಯಾ' ಅಂತಾರೆ. ಒಂದೋ ಹೆಚ್ಚಿನ ದುಡ್ಡು, ಇಲ್ಲಾ ಒಂದು ಫೋನ್: "ನಿಮ್ಮ ಪಾರ್ಸಲ್ ಬಂದದ, ಬಸ್ ಸ್ಟ್ಯಾಂಡ್ ಕಡಿ ಬಂದು ತಗೊಂಡು ಹೋಗ್ರಿ." ಹೋಗಿ ಬರೋ ಖರ್ಚು, ಒಂದು ದಿನದ ಕೂಲಿ, ಇದು ಯಾವ ರಸೀದಿಯಲ್ಲೂ ಬರೆದಿರೋದಿಲ್ಲ. ಡೆಲಿವರಿ ಹುಡುಗನನ್ನು ಬೈಯ್ಯೋದರಲ್ಲೂ ಅರ್ಥ ಇಲ್ಲ. ಅವನಿಗೆ ಪಾರ್ಸಲ್ ಲೆಕ್ಕದಲ್ಲಿ ದುಡ್ಡು, ಪೆಟ್ರೋಲ್ ಅವನದೇ.

ಆ ಊರುಗಳಿಗೆ ಹೋಗೋರು ಗ್ರಾಮೀಣ ಡಾಕ್ ಸೇವಕರು. ಕೇಂದ್ರದ ಲೆಕ್ಕದಲ್ಲಿ ಹಳ್ಳಿ ಅಂಚೆ ಕಚೇರಿಗಳು ದೇಶದಲ್ಲಿ 1.5 ಲಕ್ಷ, ಡಾಕ್ ಸೇವಕರು 2.4 ಲಕ್ಷ. ಇವರು ಪೂರ್ತಿ ಸರ್ಕಾರಿ ನೌಕರರಲ್ಲ. ದಿನಕ್ಕೆ ನಾಲ್ಕು–ಐದು ತಾಸಿನ ಕೆಲಸ ಅಂತ ಲೆಕ್ಕ, 2018ರ ಪರಿಷ್ಕರಣೆಯಂತೆ ನಾಲ್ಕು ತಾಸಿಗೆ ಬ್ರಾಂಚ್ ಪೋಸ್ಟ್ ಮಾಸ್ಟರಿಗೆ 12,000, ಸೇವಕರಿಗೆ 10,000 ರೂಪಾಯಿಯಿಂದ ಶುರು, ಮೇಲೆ ತುಟ್ಟಿಭತ್ಯೆ. ಯುರೋಪಿನ ಖಾಸಗಿ ಕಂಪನಿಗಳು ಅರೆಕಾಲಿಕ ಕೆಲಸಗಾರರಿಂದ ಖರ್ಚು ಇಳಿಸಿದವು ಅಂದೆನಲ್ಲ, ನಮ್ಮ ಸರ್ಕಾರಿ ಅಂಚೆ ಅದನ್ನು ಬ್ರಿಟಿಷರ ಕಾಲದಿಂದಲೇ ಮಾಡ್ತಾ ಬಂದಿದೆ. ತಾಂಡಾದ ಕಾಗದದ ಖರ್ಚು ತೂಗಿಸಿದ್ದು ಓಣಿಯ ಸ್ಟಾಂಪು ಮಾತ್ರ ಅಲ್ಲ, ಈ ಜನರ ಕಡಿಮೆ ಸಂಬಳವೂ ಹೌದು. ಅವರಿಲ್ಲದೇ ನಮ್ಮ ಸಾರ್ವತ್ರಿಕ ಸೇವೆ ಒಂದು ವಾರ ನಡೆಯೋದಿಲ್ಲ.

ಅಂಚೆಯೂ ಈಗ ವ್ಯಾಪಾರದ ದಾರಿ ಹಿಡಿದಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನೋ ಪ್ರತ್ಯೇಕ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಅಕ್ಟೋಬರ್ 1ರಿಂದ ಹೊಸ ದರ: 50 ಗ್ರಾಂ ತನಕ ಸ್ಥಳೀಯ ಆದ್ರೆ 19 ರೂಪಾಯಿ, ಹೊರಗಿನದಾದ್ರೆ 47, ಮೇಲೆ ಜಿಎಸ್‌ಟಿ. ಆ ವರ್ಷದ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವರು ಅಂಚೆಯನ್ನು ದೊಡ್ಡ ಸಾರ್ವಜನಿಕ ಲಾಜಿಸ್ಟಿಕ್ಸ್ ಸಂಸ್ಥೆ ಮಾಡ್ತೀವಿ ಅಂದ್ರು. ಆನ್‌ಲೈನ್ ಮಾರಾಟದ ಕಂಪನಿಗಳು ಒಳಹಳ್ಳಿಯ ಪಾರ್ಸಲ್ ಅಂಚೆಗೇ ಕೊಡ್ತವೆ. ಬ್ರಿಟನ್ನಿನ ನಮೂನೆ ನೆನಪಾಯ್ತಾ? ಹೈವೇ ತನಕ ಅವರು, ಅಲ್ಲಿಂದ ಡಾಕ್ ಸೇವಕರು. ಇದರಲ್ಲಿ ನನಗೆ ತಕರಾರಿಲ್ಲ, ಸರಿಯಾದ ದರ ಸಿಕ್ಕರೆ ಇದೇ ಅಂಚೆಯನ್ನು ಉಳಿಸಬಹುದು. ಆ ದರವನ್ನು ಯಾರು, ಯಾವ ಲೆಕ್ಕ ಹಿಡಿದು ಗೊತ್ತು ಮಾಡ್ತಾರೆ? ಬ್ರಿಟನ್ನಿನಲ್ಲಿ ಆಫ್‌ಕಾಮ್ ನೋಡುತ್ತೆ. ಇಲ್ಲಿ ಮೂರನೆಯವರಿಲ್ಲ.

ಆದ್ದರಿಂದ ಹುಮನಾಬಾದಿನ ಅಣ್ಣಾರಿಗೆ ನನ್ನ ಉತ್ತರ: ನಿಮ್ಮ ಊರಿನ ಅಂಚೆ ಕಚೇರಿ ಬಂದ್ ಆಗೋದು ಸದ್ಯಕ್ಕೆ ನನಗೆ ಕಾಣೋದಿಲ್ಲ. ನನಗಿರೋ ಚಿಂತೆ ಬೇರೆ. ಇವತ್ತು ವಾರಕ್ಕೆ ಆರು ದಿನ ಹೋಗೋ ಹಳ್ಳಿ ರೂಟು ನಾಳೆ ಮೂರು ದಿನ ಆದ್ರೆ, ಅದನ್ನು ಕಾಯ್ದೆ ತೋರಿಸಿ ಪ್ರಶ್ನೆ ಮಾಡೋಕೆ ನಮ್ಮ ಕೈಲಿ ಒಂದು ಸಾಲೂ ಇಲ್ಲ. ಇದಕ್ಕೆ ಹೊಸ ಕಾಯ್ದೆಯೇ ಬೇಕಂತಿಲ್ಲ. ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ ಮಾಡುವ ನಿಯಮಗಳಲ್ಲೇ ವಾರಕ್ಕೆ ಇಷ್ಟು ದಿನ ಅಂತ ಬರೆಯಬಹುದು. ನಿಯಮಗಳನ್ನು ಸಂಸತ್ತಿನ ಮುಂದೆ ಇಡಬೇಕು, ಅಲ್ಲಿ ನಮ್ಮ ಬೀದರ್ ಸಂಸದರೂ ಕೂತಿರ್ತಾರೆ. ಕೇಳಬಹುದು.

ಕೊನೆಗೆ ಒಂದು ಕೆಲಸ. ಬಸವಕಲ್ಯಾಣ, ಹುಲಸೂರ, ಹುಮನಾಬಾದ್, ಚಿಟಗುಪ್ಪ ತಾಲೂಕಿನವರು ಯಾರಾದ್ರೂ ಕೇಳ್ತಿದ್ರೆ, ನಿಮ್ಮ ಊರಿಗೆ ಅಂಚೆ ವಾರಕ್ಕೆ ಎಷ್ಟು ದಿನ ಬರುತ್ತೆ, ಕೊರಿಯರ್ ಮನೆ ತನಕ ಬರುತ್ತಾ, ಇಲ್ಲಾ ಯಾವ ಊರಿಗೆ ಹೋಗಿ ತಗೊಳ್ತೀರಿ ಅನ್ನೋದನ್ನು ಎರಡು ಸಾಲು ಬರೆದು ಕಳಿಸಿ. ಊರಿನ ಹೆಸರು, ಪಿನ್ ಕೋಡ್ ಸಾಕು, ನಿಮ್ಮ ಹೆಸರು ಬೇಡ. ಎಲ್ಲ ಒಂದು ಹಾಳೆಯಲ್ಲಿ ಹಾಕಿ ಮುಂದಿನ ತಿಂಗಳ ಸಂಚಿಕೆಯಲ್ಲಿ ಓದ್ತೀನಿ. ಪೋಸ್ಟ್ ಕಾರ್ಡಿನಲ್ಲಿ ಬರೆದರೂ ನಡೀತದ, 50 ಪೈಸೆ ಅಷ್ಟೇ.